ಸಹಾಯ ಬೇಕು: ದುಬೈನಲ್ಲಿರುವ ತಮ್ಮನ ಕಾಫಿ ತೋಟದ ಆದಾಯಕ್ಕೆ ತೆರಿಗೆ ರಿಟರ್ನ್ ಫಾರ್ಮ್ ಐಟಿಆರ್ 2 ಸಾಕಾ, 3 ಬೇಕಾ?

ತಮ್ಮ ಎನ್‌ಆರ್‌ಐ. ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ, ಮಡಿಕೇರಿ ಮನೆ ಬಾಡಿಗೆಗೆ ಐಟಿಆರ್ 2 ಸಾಕು. ತಲೆಬಿಸಿ ಇರೋದು ತೋಟದ ಲೆಕ್ಕದಲ್ಲಿ.

ಚೆರಿ (ಹಣ್ಣನ್ನ ಇಡಿಯಾಗಿ ಒಣಗಿಸಿದ್ದು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಹಾಗೇ ಮಾರಿದ್ದು ಪೂರ್ತಿ ಕೃಷಿ ಆದಾಯ. ಆದರೆ ಈ ಸಲ ಒಂದಷ್ಟು ಪಾರ್ಚ್‌ಮೆಂಟ್ ಕುಶಾಲನಗರದಲ್ಲಿ ಚಾರ್ಜ್ ಕೊಟ್ಟು ಕ್ಯೂರಿಂಗ್ (ಬೀಜದ ಹೊಟ್ಟು ಬಿಡಿಸಿ ವಿಂಗಡಿಸೋದು) ಮಾಡಿಸಿ, ತಮ್ಮನ ಹೆಸರಲ್ಲೇ ಬಿಲ್ ಹಾಕಿ ಮಾರಿದ್ದೇವೆ. ಆದಾಯ ತೆರಿಗೆ ನಿಯಮ 7ಬಿ ಪ್ರಕಾರ ಬೆಳೆದವರೇ ಕ್ಯೂರ್ ಮಾಡಿ ಮಾರಿದರೆ ಲಾಭದ ಶೇ. 25 ವ್ಯಾಪಾರದ ಆದಾಯ. ಆಗ ಐಟಿಆರ್ 3 ಆಗಬೇಕು.

ಇಬ್ಬರು ಆಡಿಟರ್‌ಗಳನ್ನ ಕೇಳಿ ಆಯ್ತು. ಒಬ್ಬರು ‘ಜಾಬ್ ವರ್ಕ್ ಆದ್ರೂ ಮಾಲು ನಿಮ್ಮದೇ, 7ಬಿ ಬರುತ್ತೆ’ ಅಂತಾರೆ. ಇನ್ನೊಬ್ಬರು ‘ಕ್ಯೂರ್ ಮಾಡಿದ್ದು ನೀವಲ್ಲ, ಬರಲ್ಲ’ ಅಂತಾರೆ.

ಹೊರಗೆ ಕ್ಯೂರಿಂಗ್ ಮಾಡಿಸಿ ಮಾರಿದ ಎನ್‌ಆರ್‌ಐ ತೋಟದವರು ಯಾವ ಫಾರ್ಮ್ ಹಾಕಿದ್ರಿ? ಇಲಾಖೆಯಿಂದ ನೋಟಿಸ್ ಏನಾದ್ರೂ ಬಂತಾ?