ಪದಬಂಡಿ ಆಟದಲ್ಲಿ ‘ಳ’ ಬಂದರೆ ಏನು ಮಾಡುತ್ತೀರಿ?

ಪ್ರಶ್ನೆ: ಮಗಳಿಗೆ 5, ಮಗನಿಗೆ 9. ರೈಲಿನಲ್ಲಿ ಕೊನೆಯಕ್ಷರ ಹಿಡಿದು ಪದಬಂಡಿ ಆಡಿಸಿದರೆ ‘ಳ’, ‘ಣ’ ಬಂದ ಕೂಡಲೇ ಜಗಳ. ಚಿಕ್ಕವಳು ಬಾಯಿಗೆ ಬಂದ ಪದ ಕಟ್ಟಿ ಬಿದ್ದು ಬಿದ್ದು ನಗುತ್ತಾಳೆ, ದೊಡ್ಡವನಿಗೆ ಸಿಟ್ಟು. ಆಡಿಸಿ ಗೊತ್ತಿರುವವರು ಹೇಳಿ.

ಉತ್ತರ 1: ತೊಂದರೆ ಇರುವುದು ನಿಯಮದಲ್ಲಿ, ಮಕ್ಕಳಲ್ಲಲ್ಲ. ‘ಹಾವು’ ಅಂದಮೇಲೆ ‘ವು’ ಅಂತಲೇ ಶುರುವಾಗುವ ಪದ ಎಲ್ಲಿಂದ ತರುವುದು? ವ್ಯಂಜನ ಮಾತ್ರ ಹಿಡಿಯಲಿ, ಕಾಗುಣಿತ ಯಾವುದಾದರೂ ಸರಿ: ಹಾವು, ವಿಮಾನ, ನವಿಲು, ಲೋಟ, ಟೋಪಿ, ಪೆಟ್ಟಿಗೆ. ‘ಳ’ ಬಂದರೆ ‘ಲ’, ‘ಣ’ ಬಂದರೆ ‘ನ’. ಒತ್ತಕ್ಷರವಾದರೆ ಒತ್ತೇ ಲೆಕ್ಕ, ‘ಚಂದ್ರ’ಕ್ಕೆ ‘ರ’. ಇದೆಲ್ಲ ಆಟಕ್ಕೆ ಮೊದಲೇ ಒಪ್ಪಂದವಾಗಬೇಕು. ‘ಗಳು’ ಹಚ್ಚಿದ ಬಹುವಚನ ಬೇಡವೇ ಬೇಡ. ಬಿಟ್ಟರೆ ಜಾಣ ಹುಡುಗರು ಪ್ರತಿ ಸಲವೂ ‘ಳು’ ತಂದು ನಿಲ್ಲಿಸುತ್ತಾರೆ. ಕಾಲು, ಹಾಲು, ಬಾಗಿಲು ಅಂತ ‘ಲ’ ಪದೇಪದೇ ಬರುತ್ತದೆ, ಲಾಡು, ಲಂಗ, ಲವಂಗ, ಲೆಕ್ಕ ಮುಗಿದ ಮೇಲೆ ಬರಗಾಲ. ಹಾಗಾಗಿ ಲಾರಿ, ಲೈಟು ನಡೆಯಲಿ.

ಉತ್ತರ 2: 5 ವರ್ಷಕ್ಕೆ ಪದಬಂಡಿ ಭಾರ. ಅವಳಿಗೆ ಗಿ-ಮಾತು ಕೊಡಿ: ಪುಸ್ತಕ ಗಿಸ್ತಕ, ಊಟ ಗೀಟ, ದೋಸೆ ಗೀಸೆ. ಮೊದಲಕ್ಷರ ಹ್ರಸ್ವವಾದರೆ ‘ಗಿ’, ದೀರ್ಘವಾದರೆ ‘ಗೀ’. ಹೇಳಿಕೊಡುವುದೇ ಬೇಡ, ಕಿವಿಗೆ ತಾನಾಗಿ ಹತ್ತುತ್ತದೆ. ಲಯ ಸಿಕ್ಕಮೇಲೆ ನಡುವೆ ‘ಗಿಳಿ’ ಅಂತ ಎಸೆಯಿರಿ. ‘ಗಿಳಿ ಗಿಳಿ’ ಅಂದು ತಾನೇ ತಬ್ಬಿಬ್ಬಾಗುತ್ತಾಳೆ.

ಇನ್ನೊಂದು, ವಾಕ್ಯವನ್ನೆಲ್ಲ ಒಂದೇ ಸ್ವರಕ್ಕೆ ತಿರುಗಿಸುವುದು. ‘ಅಜ್ಜಿ ಕಾಫಿ ಕುಡಿದಳು’ ಅನ್ನುವುದು ‘ಉ’ದಲ್ಲಿ ‘ಉಜ್ಜು ಕೂಫು ಕುಡುದುಳು’, ‘ಎ’ದಲ್ಲಿ ‘ಎಜ್ಜೆ ಕೇಫೆ ಕೆಡೆದೆಳೆ’. 3 ಪದ ಸಾಕು, ಉದ್ದವಾದರೆ ನಗುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಕಾಗುಣಿತವೂ ಬಾಯಿಪಾಠ, ಆದರೆ ಅದನ್ನು ಅವರ ಮುಂದೆ ಹೇಳಬೇಡಿ.

ಉತ್ತರ 3: ಮಗನಿಗೆ ಕ-ಭಾಷೆ. ಪ್ರತಿ ಅಕ್ಷರಕ್ಕೂ ಮೊದಲು ಒಂದು ‘ಕ’: ಬಾರೋ ‘ಕಬಾಕರೋ’ ಆಗುತ್ತದೆ. ಸೊನ್ನೆ, ಒತ್ತು ಬಿಡಿಸಕೂಡದು. ಬಂದ ‘ಕಬಂಕದ’, ಅಮ್ಮ ‘ಕಅಕಮ್ಮ’. ಇಂಗ್ಲಿಷ್ ಕಾಗುಣಿತದ ಲೆಕ್ಕದಲ್ಲಿ ಯೋಚಿಸುವ ಮಕ್ಕಳು ಎಡವುವುದು ಇಲ್ಲೇ. ಚಪ್ಪಾಳೆ ತಟ್ಟಿಸಿ: ‘ಪುಸ್ತಕ’ಕ್ಕೆ 3, ‘ಅಕ್ಕ’ನಿಗೆ 2. ಮೊದಲು ಎರಡಕ್ಷರದ ಪದ, ವೇಗ ಆಮೇಲೆ. ‘ಅಕ್ಕ’ ಅನ್ನುವುದು ‘ಕಅಕಕ್ಕ’ ಆಗುತ್ತದೆ, ಅಲ್ಲಿಗೆ ಬೋಗಿಯ ಮಾನ ಹೋಯಿತು ಅಂತ ತಿಳಿಯಿರಿ.

ಅವನಿಗೆ ಓದು ಬರುವುದರಿಂದ ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದಗಳನ್ನೂ ಕೊಡಿ: ವಿಕಟಕವಿ, ಮದ್ರಾಸಿನ ಸಿದ್ರಾಮ, ಕುಬೇರನಿಗೇನಿರಬೇಕು. ಅಕ್ಷರಕ್ಕೊಂದು ಚೌಕ ಹಾಕಿ ಬರೆಸಿ, ಇಲ್ಲದಿದ್ದರೆ ‘ದ್ರಾ’ ಒಡೆದು ತಪ್ಪು ಅನ್ನುತ್ತಾನೆ.

ಉತ್ತರ 4: ಆ ‘ಕಕ್ಕ’ದ ವಿಷಯ. ಈ ವಯಸ್ಸಿಗೆ ಹೂಸು, ಉಚ್ಚೆ ಬಾರದೆ ಆಟ ಮುಗಿಯುವುದಿಲ್ಲ. ಗದರಿದರೆ ಪದಕ್ಕೆ ಬೆಲೆ ಏರುತ್ತದೆ, ನೀವೂ ನಕ್ಕರೆ ಅದೊಂದೇ ಅರ್ಧ ಗಂಟೆ. ತಲೆಗೊಂದು ಸಲ ಅಂತ ಮಿತಿ ಇಡಿ, ಬಂದಾಗ ಮುಖ ಬದಲಿಸದೆ ‘ಸು ಬಂತು, ಮುಂದಿನದು?’ ಅನ್ನಿ. ಚಿಕ್ಕವಳು ಕಟ್ಟಿದ ಪದಕ್ಕೆ ಅರ್ಥ ಅವಳೇ ಹೇಳಲಿ; ಹೇಳಿದರೆ ಅಂಕ, ಅಣ್ಣನೂ ಒಪ್ಪಬೇಕು.