ಅಪ್‌ಡೇಟ್: ಥಂಬ್ ಟಿಪ್ ಮೆತ್ತನೆಯದೋ ಗಟ್ಟಿಯದೋ?

ಜಾದೂವಿನಲ್ಲಿ ಕರವಸ್ತ್ರ ಮಾಯ ಮಾಡುವುದಕ್ಕೆ ಯಾವ ಥಂಬ್ ಟಿಪ್ ಒಳ್ಳೆಯದು, ಮೆತ್ತನೆಯ ವಿನೈಲಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಅಂತ ಇಲ್ಲಿ ಕೇಳಿದ್ದೆ. ಥಂಬ್ ಟಿಪ್ ಅಂದರೆ ಹೆಬ್ಬೆರಳಿಗೆ ತೊಡುವ, ಚರ್ಮದ ಬಣ್ಣದ ಟೊಳ್ಳು ನಕಲಿ ತುದಿ: ಮುಷ್ಟಿಯೊಳಗೆ ಗುಟ್ಟಾಗಿ ಇಟ್ಟ ಟಿಪ್ಪಿಗೆ ಬಟ್ಟೆ ತುರುಕಿ, ಹೆಬ್ಬೆರಳಿಗೆ ಹಾಕಿಕೊಂಡು ಹೊರತೆಗೆದರೆ ಮುಷ್ಟಿ ಖಾಲಿ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಎರಡನ್ನೂ ಹೋಲಿಸಿ ನೋಡಿದ ಮೇಲೆ ನನ್ನ ಆಯ್ಕೆ ಮೆತ್ತನೆಯ ವಿನೈಲ್.

ಗಟ್ಟಿ ಪ್ಲಾಸ್ಟಿಕ್ಕಿನದು ಆಕಾರ ಕೆಡುವುದಿಲ್ಲ, ನಿಜ. ಆದರೆ ಬೆರಳಿಗೆ ಸಡಿಲವಾದರೆ ಸರಿಪಡಿಸುವುದು ಕಷ್ಟ, ಕೆಳಗೆ ಬಿದ್ದರೆ ಟಕ್ ಅಂತ ಸದ್ದು ಬೇರೆ. ವಿನೈಲ್ ಉದ್ದವಾದರೆ ಅಂಚನ್ನು ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸಬಹುದು.

ಖರೀದಿಗೆ ಮುಂಚೆ ಮಾಡಲೇಬೇಕಾದ ಪರೀಕ್ಷೆ: ಬಟ್ಟೆಯನ್ನು ಪೂರ್ತಿ ಒಳಗೆ ತುರುಕಿ, ಆಮೇಲೆ ಹೆಬ್ಬೆರಳು ಹಾಕಿ. ಬೆರಳು ಮೊದಲ ಗೆಣ್ಣಿನ ತನಕ ಇಳಿಯಬೇಕು. ಇಳಿಯದಿದ್ದರೆ ಹಿಡಿತ ಸಿಗುವುದಿಲ್ಲ. ಹೆಬ್ಬೆರಳು ಹೊರಗೆ ಬಂದಾಗ ಟಿಪ್ ಮುಷ್ಟಿಯಲ್ಲೇ ಉಳಿದುಬಿಡುತ್ತದೆ. ಇದಕ್ಕೆ 9 ಇಂಚು ಚೌಕದ ತೆಳು ರೇಷ್ಮೆ ಸಾಕು. 18 ಇಂಚಿನದನ್ನು ಮರೆತುಬಿಡಿ. ಪಾಲಿಯೆಸ್ಟರ್ ಒತ್ತಿದಷ್ಟೂ ಮತ್ತೆ ಉಬ್ಬುತ್ತದೆ. ರೇಷ್ಮೆಯೇ ಆದರೂ ಅಂಚಿನ ಹೊಲಿಗೆ ದಪ್ಪವಿದ್ದರೆ ಜಾಗ ತಿನ್ನುತ್ತದೆ.

ಬಣ್ಣದ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ (ನಾನೂ ಅದನ್ನೇ ಮೊದಲು ಕೇಳಿದ್ದು). ನಿಜವಾಗಿ ಗುಟ್ಟು ಬಯಲು ಮಾಡುವುದು ಹೊಳಪು. ನುಣುಪಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಟಾಲ್ಕಂ ಪೌಡರ್ ಸವರಿದರೆ ದೀಪದ ಬೆಳಕಿಗೆ ಮಿನುಗುವುದಿಲ್ಲ. ಹೆಬ್ಬೆರಳ ತುದಿ ನೇರ ಪ್ರೇಕ್ಷಕರ ಕಡೆಗಿದ್ದರೆ ಟಿಪ್ಪಿನ ಉದ್ದವೂ ಅಂಚೂ ಕಾಣುವುದಿಲ್ಲ. ಅಡ್ಡ ತಿರುಗಿತೋ, ಎಷ್ಟೇ ಬಣ್ಣ ಹೊಂದಿದರೂ ಕೆಲಸ ಕೆಟ್ಟಿತು.

ಬಟ್ಟೆ ತುಂಬಿಯೇ ದಿನಗಟ್ಟಲೆ ಇಡಬೇಡಿ, ವಿನೈಲ್ ಹಿಗ್ಗುತ್ತದೆ.