ಗೆರೆ ಸೊಟ್ಟ ಇದ್ರ ಕಣ್ಣಿಗೆ ಹೊಡೀತದ: ಇಂಥವರಿಗೆ ಕಲೆಯ ಕೆಲಸ ಯಾವುದದ?

ತೊಗರಿಬ್ಯಾಳಿ:
ಬಿ.ಕಾಂ. ಮುಗಿದದ. ಚಿತ್ರ, ಅಕ್ಷರ, ವಿನ್ಯಾಸ ಅಂದ್ರ ಜೀವ. ಆದ್ರ ದಿನಾ ಹೊಸ ಐಡಿಯಾ ಸುರಿಸೋ ಸ್ವಭಾವ ಅಲ್ಲ. ಗೆರೆ ಸೊಟ್ಟ ಇದ್ರ, ಲೆಕ್ಕದಾಗ ಒಂದು ರೂಪಾಯಿ ತಪ್ಪಿದ್ರ ಸಮಾಧಾನ ಆಗಂಗಿಲ್ಲ. ಇಂಥವರಿಗೆ ಕಲೆ ಹೊಂದಂಗಿಲ್ಲ ಅಂತಾರ ಮಂದಿ. ಕಲಬುರಗಿ, ಬೀದರ ಕಡೆ ಇದ್ದು ಕಲಿಯೋ ಅಂಥ ಕೆಲಸ ಹೇಳ್ರಿ.

ಹದಿನಾರು ಪುಟ:
ಪುಸ್ತಕದ ಪುಟವಿನ್ಯಾಸ ಹಿಡೀರಿ. ಮಂದಿ ಮುಖಪುಟ ನೋಡ್ತಾರ, ಖರೆ ಕೆಲಸ ಒಳಪುಟದಾಗ ಇರ್ತದ. ಪುಸ್ತಕ 16 ಪುಟದ ಫಾರಂ (ಒಂದು ದೊಡ್ಡ ಹಾಳಿ ಮಡಚಿದಾಗ ಆಗೋ ಪುಟಗಳ ಕಟ್ಟು) ಲೆಕ್ಕದಾಗ ಅಚ್ಚಾಗ್ತದ. 10 ಫಾರಂ ಅಂದ್ರ 160. ನಿಮ್ಮ ಫೈಲು 163ಕ್ಕ ನಿಂತ್ರ ಆ 3 ಪುಟಕ್ಕ ಮತ್ತೊಂದು ಕಾಲು ಫಾರಂ ಹೊಡೀಬೇಕು, ಖರ್ಚು ಏರ್ತದ. ಹಂಗಂತ ಅಕ್ಷರ ಸಣ್ಣ ಮಾಡಿ ತುರುಕಬ್ಯಾಡ್ರಿ. ಅಧ್ಯಾಯದ ಕೊನೀಗೆ ಎರಡೇ ಸಾಲು ಉಳಿದ ಪುಟ ಹುಡುಕಿ ಹಿಂದಕ್ಕ ಎಳೀರಿ. ಬೆನ್ನಿನ ದಪ್ಪ: ಒಂದು ಹಾಳಿಗೆ ಎರಡು ಪುಟ, ಹಾಳಿ 0.1 ಮಿ.ಮೀ. ಇದ್ರ 160 ಪುಟದ 80 ಹಾಳಿಗೆ 8 ಮಿ.ಮೀ. ಪುಟದ ಲೆಕ್ಕ ಹಿಡಿದು 160ರಿಂದ ಗುಣಿಸಿದ್ರ ಬೆನ್ನು ಎರಡು ಪಟ್ಟು ಆಗ್ತದ. ಕತ್ತರಿಸೋ ಅಂಚಿನ ಆಚೆ 3 ಮಿ.ಮೀ. ಬಣ್ಣ ಬಿಡ್ರಿ, ಇಲ್ಲಾಂದ್ರ ಬಿಳಿ ಗೆರೆ ಇಣುಕ್ತದ.

ಕನ್ನಡಕ್ಕ ಬ್ಯಾರೇ ಕಾಟ ಅದಾವ. ಹಳೇ ನುಡಿ ಫಾಂಟಿನ ಬರಹ ಯೂನಿಕೋಡಿಗೆ ತಿರುಗಿಸಿದಾಗ ನಡುವಿನ ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡ ಆಗ್ತಾವ. ಅರ್ಕಾವತ್ತು ಹಳೇ ಫಾಂಟಿನಾಗ ಅಕ್ಷರದ ನಂತರ ಕೂಡ್ತದ, ಯೂನಿಕೋಡಿನಾಗ ಮೊದಲು, ಅಲ್ಲೇ ಎಡವಟ್ಟು. ಪ್ರೂಫಿನಾಗ ಒಂದು ಸುತ್ತು ಬರೀ ಒತ್ತಕ್ಷರ, ಇನ್ನೊಂದು ಸುತ್ತು ಬರೀ ಪರಿವಿಡಿ, ಪುಟಸಂಖ್ಯೆ ನೋಡ್ರಿ.

ಶಾಬಾದಿ ಫರಸಿ:
ಅಳತೆ ನಕ್ಷೆ, ಅಂದ್ರ ಕಟ್ಟಡ ಅಳೆದು ನಕ್ಷೆ ಬರೆಯೋ ಕೆಲಸ, ಯಾಕ ಮರೀತೀರಿ? ಕಲಬುರಗಿಯಾಗ ಹಫ್ತ್ ಗುಂಬಜ್, ಬೀದರದಾಗ ಗವಾನ್ ಮದರಸಾ, ಅಭ್ಯಾಸಕ್ಕ ಕಮಾನಿಗೇನು ಬರ ಇಲ್ಲ. ಹತ್ತನೇತ್ತಿ ಪಾಸಾದವರಿಗೆ ಐಟಿಐನಾಗ ಸಿವಿಲ್ ಡ್ರಾಫ್ಟ್ಸ್‌ಮನ್ 2 ವರ್ಷದ್ದು ಅದ. ಗ್ವಾಡಿ ಅಳೆಯುವಾಗ ಟೇಪಿನ ಸೊನ್ನೆ ಒಂದೇ ಮೂಲ್ಯಾಗ ಇಟ್ಟು ಬಾಗಿಲು, ಕಿಟಕಿ ಸಾಲಾಗಿ ಓದ್ಕೊಂಡು ಹೋಗ್ರಿ. ತುಂಡು ತುಂಡು ಅಳೆದು ಕೂಡಿಸಿದ್ರ, 10 ತುಂಡು ಒಂದೇ ಕಡೆ 2 ಮಿ.ಮೀ. ತಪ್ಪಿದ್ರೂ ಕೊನೀಗೆ 2 ಸೆಂ.ಮೀ. ಹೋಯ್ತು. ಕೋಣಿಯ ಎರಡೂ ಕರ್ಣ ಅಳೀರಿ. ಹಳೇ ಮೂಲಿ 90 ಡಿಗ್ರಿ ಇರ್ತದಂತ ನಂಬಬ್ಯಾಡ್ರಿ.

ಚೌಬಾರಾ:
ಬಿದರಿಯಾಗ (ಲೋಹದಾಗ ಬೆಳ್ಳಿ ಕೂಡಿಸೋ ಬೀದರದ ಕಲೆ) ಕೆತ್ತೋದಷ್ಟೇ ಅಲ್ಲ, ನಮೂನಿ ಹಾಕೋದೂ ಕೆಲಸಾನೇ. ಹೂದಾನಿಯ ಸುತ್ತಳತೆ 44 ಸೆಂ.ಮೀ., ಬಳ್ಳಿಯ ಒಂದು ಹೂ 4.2 ಇದ್ರ 10 ಹೂ ಕೂತು 2 ಸೆಂ.ಮೀ. ಖಾಲಿ. ಹೂ 4ಕ್ಕ ಇಳಿಸಿದ್ರ 11 ಸರಿಯಾಗಿ ಕೂಡ್ತಾವ. ಆದ್ರ ಎರಡು ನಮೂನಿ ಹೂ ಒಂದಾದ ಮ್ಯಾಲೊಂದು ಬೇಕಂದ್ರ 11 ನಡಿಯಂಗಿಲ್ಲ, 10 ಇಲ್ಲಾ 12. ಕಾಗದದ ಪಟ್ಟಿ ಸುತ್ತಿ ನೋಡೇ ಗೆರೆ ಹಾಕ್ರಿ. ಕಡೀಗೆ ಕೋಟೆ ಮಣ್ಣು, ನವಸಾಗರ ತಿಕ್ಕಿದಾಗ ಸತುವಿನ ಲೋಹ ಕಪ್ಪಾಗ್ತದ, ಬೆಳ್ಳಿ ಹಂಗೇ ಉಳೀತದ. ತಪ್ಪು ಇನ್ನೂ ಢಾಳಾಗಿ ಕಾಣ್ತದ.

ತೊಗರಿಬ್ಯಾಳಿ:
ಪುಟವಿನ್ಯಾಸ ಮನಸ್ಸಿಗೆ ಬಂತ್ರಿ. ಕ್ಲಾಸಿಗೆ ರೊಕ್ಕ ಕಟ್ಟೋ ಮೊದಲು ಕೈ ನೋಡೋದು ಹ್ಯಾಂಗ?

ಹದಿನಾರು ಪುಟ:
ಪುಟವಿನ್ಯಾಸದ ಸಾಫ್ಟ್‌ವೇರ್ ಸ್ಕ್ರೈಬಸ್ ಪುಕ್ಕಟೆ ಸಿಗ್ತದ, 1.6 ಆವೃತ್ತಿ ಹಾಕ್ರಿ, ಭಾಳ ಹಳೇದ್ರಾಗ ಒತ್ತಕ್ಷರ ಒಡೀತಾವ. ಅದಕ್ಕೂ ಮೊದಲು ಒಂದು ದೊಡ್ಡ ಹಾಳಿ ಮೂರು ಸಲ ಮಡಚಿ, ಪುಟ ತಿರುವಿದಂಗ 1ರಿಂದ 16 ಬರೀರಿ, ಆಮ್ಯಾಲ ಬಿಚ್ಚಿ ಹಾಸ್ರಿ. 1ರ ಮಗ್ಗಲಿಗೆ 16 ಯಾಕ ಬಂತು ಅಂತ ಒಂದು ತಾಸು ಕುಂತು ಬಿಡಿಸೋ ಮನಸ್ಸಾದ್ರ ರೊಕ್ಕ ಕಟ್ಟ್ರಿ.